ರಿಜಿಸ್ಟ್ರಿ ಗುಡಿಸಿದರೆ ವೇಗ ಬರದು

ವಾರಕ್ಕೊಮ್ಮೆ ಉಚಿತ ಕ್ಲೀನರ್ ಓಡಿಸಿ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯನ್ನು ಶುಚಿಮಾಡಿದರೆ ಹಳೆಯ ಕಂಪ್ಯೂಟರಿಗೂ ವೇಗ ಬರುತ್ತದೆ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಬರುವುದಿಲ್ಲ. ಇಂಥ ರಿಜಿಸ್ಟ್ರಿ ಕ್ಲೀನರ್‌ಗಳನ್ನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ಬೇಕಾದ ನಮೂದು ಅಳಿಸಿಹೋದರೆ ವಿಂಡೋಸನ್ನೇ ಮತ್ತೆ ಹಾಕಿಸಬೇಕಾದೀತು.

ಅವರು ಬಾಯ್ತುಂಬ ಹೊಗಳಿದ ಸಿಕ್ಲೀನರ್‌ನ ಕಥೆ ಕೇಳಿ. 2017ರಲ್ಲಿ ಅದರ 5.33ನೇ ಆವೃತ್ತಿಯೊಳಗೆ ಹ್ಯಾಕರ್‌ಗಳು ಕುತಂತ್ರಾಂಶ ತೂರಿಸಿದ್ದರು. ಕಂಪನಿಯ ಅಧಿಕೃತ ತಾಣದಿಂದಲೇ, ಅಸಲಿ ಡಿಜಿಟಲ್ ಸಹಿಯೊಂದಿಗೇ, ಅದು 22 ಲಕ್ಷಕ್ಕೂ ಹೆಚ್ಚು ಬಳಕೆದಾರರನ್ನು ತಲುಪಿತು. ‘ನಂಬಿಕಸ್ಥ ತಾಣದಿಂದಷ್ಟೇ ಇಳಿಸಿಕೊಳ್ಳಿ’ ಎಂಬ ಲೇಖಕರ ಬುದ್ಧಿಮಾತು ಆ ಬಳಕೆದಾರರಲ್ಲಿ ಯಾರನ್ನು ಕಾಯುತ್ತಿತ್ತು?

ಕಸ ತೆಗೆಯಲು ವಿಂಡೋಸಿನಲ್ಲೇ ಸ್ಟೋರೇಜ್ ಸೆನ್ಸ್ ಇದೆ. ವೇಗ ಬೇಕೆಂದರೆ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಅದು ಉಚಿತವಲ್ಲ, ನಿಜ. ಆದರೆ ಕೆಲಸ ಮಾಡುತ್ತದೆ.