ಹುಲ್ಲುಹಾಸಿಗೆ ಬೀಜದ ಲೆಕ್ಕ



ಮನೆಯ ಮುಂದೆ ತುಸುವೇ ಜಾಗವಿದ್ದರೂ ಅಲ್ಲೊಂದು ಹಸುರು ಹುಲ್ಲುಹಾಸು ಇರಬೇಕೆಂಬುದು ಇಂದು ಅನೇಕ ಗೃಹಸ್ಥರ ಅಭಿಲಾಷೆ. ಆದರೆ ಎಷ್ಟು ಬೀಜ ಬೇಕೆಂದು ಕೇಳಿದರೆ ಬಹುತೇಕರು ಅಂದಾಜಿನ ಮಾತನ್ನೇ ಆಡುತ್ತಾರೆ. ಅಂದಾಜಿನಿಂದಾಗುವ ಹಾನಿಯನ್ನು ನಾನೇ ಕಂಡವನಾದ್ದರಿಂದ ಈ ತಿಂಗಳು ಅದನ್ನೇ ವಿವೇಚಿಸಬಯಸುತ್ತೇನೆ.

ಐದಾರು ವರ್ಷಗಳ ಹಿಂದೆ ಶಾಲೆಯೊಂದರ ಮಕ್ಕಳು ಬಿಡಿಗಾಸು ಕೂಡಿಸಿ ಅಂಗಳಕ್ಕೆ ಗರಿಕೆಯ ಬೀಜ ತರಲು ನಿಶ್ಚಯಿಸಿದರು. ಹಿರಿಯನೆಂದು ಲೆಕ್ಕದ ಭಾರವನ್ನು ನನಗೆ ಒಪ್ಪಿಸಿದರು. ಹತ್ತು ಮೀಟರ್ ಚೌಕದ ತೋಟಕ್ಕೆ 300 ಗ್ರಾಂ ಸಾಕಾದುದನ್ನು ನಾನು ಬಲ್ಲೆ. ಶಾಲೆಯ ಅಂಗಳವೋ ಇಪ್ಪತ್ತು ಮೀಟರ್ ಚೌಕ. ಬದಿ ಇಮ್ಮಡಿ, ಆದ್ದರಿಂದ ಬೀಜವೂ ಇಮ್ಮಡಿ ಎಂದು 600 ಗ್ರಾಂ ತರಿಸಿದೆ. ಹುಲ್ಲು ಅಲ್ಲೊಂದು ಇಲ್ಲೊಂದು ಮೂಡಿತು. ಉಳಿದೆಡೆಯನ್ನು ಕಳೆ ಆಕ್ರಮಿಸಿತು. ಆಗ ಪುಟ್ಟ ಬಾಲಕಿಯೊಬ್ಬಳು, "ಅಜ್ಜಾರ, ಇಪ್ಪತ್ತು ಇಪ್ಪತ್ತಲೆ ನಾಕನೂರು ಅಲ್ಲೇನ್ರಿ?" ಎಂದಳು. ಹೌದು, ಬದಿ ಇಮ್ಮಡಿಯಾದರೆ ನೆಲ ನಾಲ್ಮಡಿಯಾಗುತ್ತದೆ. ಬೇಕಾಗಿದ್ದುದು 1,200 ಗ್ರಾಂ. ಮಕ್ಕಳ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡು, ಮರುವರ್ಷ ಕೊರತೆಯ ಬೀಜವನ್ನು ನನ್ನ ಖರ್ಚಿನಲ್ಲಿ ತಂದುಕೊಟ್ಟೆ.

ಆದುದರಿಂದ ಮೊದಲು ನೆಲವನ್ನು ಅಳೆಯಿರಿ. ಗರಿಕೆಗೆ ಚದರ ಮೀಟರಿಗೆ ಸುಮಾರು ಎರಡೂವರೆಯಿಂದ ಮೂರು ಗ್ರಾಂ ಬೀಜ ಬೇಕು. ಒಂದು ಗುಂಟೆಯೆಂದರೆ 1,089 ಚದರ ಅಡಿ, ಸುಮಾರು 101 ಚದರ ಮೀಟರ್; ಅದಕ್ಕೆ 300 ಗ್ರಾಂ. ಹುಲ್ಲು ಬೆಳೆಸದ ಜಾಗವನ್ನು ಕಳೆಯಲು ಮರೆಯಬಾರದು. ಉದಾಹರಣೆಗೆ, ಅಂಗಳ 12 ಮೀಟರ್ ಉದ್ದ, 10 ಮೀಟರ್ ಅಗಲವಿದ್ದರೆ 120 ಚದರ ಮೀಟರ್. ಅದರಲ್ಲಿ ಕಾಲುದಾರಿ 10, ಎರಡು ಮೀಟರ್ ತ್ರಿಜ್ಯದ ದುಂಡು ಹೂಪಾತಿ ಸುಮಾರು 13. ಉಳಿದುದು 97, ಬೀಜ ಸುಮಾರು 290 ಗ್ರಾಂ.

ಎರಡನೆಯದು ಬೀಜದ ಜೀವ. ನೂರು ಬೀಜಗಳನ್ನು ಎಣಿಸಿ, ಒದ್ದೆಬಟ್ಟೆಯ ಮೇಲೆ ತೇವ ಆರದಂತೆ ಮೂರು ವಾರ ಇಟ್ಟು ನೋಡಿರಿ. ಮೂರು ಗ್ರಾಮಿನ ಲೆಕ್ಕ ನೂರಕ್ಕೆ ಎಂಬತ್ತು ಮೊಳೆಯುವ ಬೀಜಕ್ಕೆ ಎಂದಿಟ್ಟುಕೊಂಡರೆ, ಅರವತ್ತೇ ಮೊಳೆತಾಗ ನಾಲ್ಕು ಗ್ರಾಂ ಬೇಕಾಗುತ್ತದೆ. ಹಾಗೆಂದು ಹೆಚ್ಚಾದಷ್ಟೂ ಒಳ್ಳೆಯದೆಂದು ಸುರಿಯಬಾರದು. ಒತ್ತಾಗಿ ಹುಟ್ಟಿದ ಸಸಿಗಳು ಅನ್ನ, ನೀರು, ಬೆಳಕಿಗಾಗಿ ಸೆಣಸಿ ಸೊರಗುತ್ತವೆ; ಮಳೆಗಾಲದಲ್ಲಿ ಬೇಗನೆ ಕೊಳೆಯುತ್ತವೆ.

ಈ ಬೀಜ ಬಹು ಸಣ್ಣದು. ಜರಡಿ ಹಿಡಿದ ಮಣ್ಣಿನಲ್ಲಿ ಬೆರೆಸಿ ಎರಡು ಪಾಲು ಮಾಡಿ, ಒಂದನ್ನು ಉದ್ದಕ್ಕೂ ಇನ್ನೊಂದನ್ನು ಅಡ್ಡಕ್ಕೂ ಎರಚಿದರೆ ಎಲ್ಲೆಡೆ ಸಮನಾಗಿ ಬೀಳುತ್ತದೆ. ಮೇಲೆ ತೆಳುವಾಗಿ ಮಣ್ಣು ಮುಚ್ಚಿ, ಬೀಜ ಕೊಚ್ಚಿಹೋಗದಂತೆ ಮೆಲ್ಲಗೆ ನೀರು ಚಿಮುಕಿಸಬೇಕು. ಮೊಳಕೆಗೆ ಎರಡು-ಮೂರು ವಾರ ತಾಳ್ಮೆ ಬೇಕು.

ಮನೆಯ ಮಕ್ಕಳ ಕೈಗೆ ಅಳತೆಯ ಟೇಪನ್ನು ಕೊಡಿರಿ. ಲೆಕ್ಕವನ್ನು ಅವರಿಂದಲೇ ಮಾಡಿಸಿರಿ. ಹಿರಿಯರ ತಪ್ಪನ್ನು ಅವರು ತಿದ್ದಿದರೆ ಸಂತೋಷದಿಂದ ಒಪ್ಪಿಕೊಳ್ಳಿರಿ. ಆ ಶಾಲೆಯ ಅಂಗಳದಲ್ಲಿ ಇಂದು ಹುಲ್ಲು ತುಂಬಿ ನಿಂತಿದೆ. ಅಲ್ಲಿಗೆ ಹೋದಾಗಲೆಲ್ಲ ನನಗೆ ಆ ಬಾಲಕಿಯ ಪ್ರಶ್ನೆ ನೆನಪಾಗುತ್ತದೆ.