ಮೊಬೈಲ್ ಕ್ಯಾಮೆರಾದಲ್ಲಿ ಪಟ್ಟೆ ಕಂಡರೆ ಎಲ್‌ಇಡಿ ಬಲ್ಬ್ ಡೂಪ್ಲಿಕೇಟಾ?

“ಎಲ್‌ಇಡಿ ಬಲ್ಬಿಗೆ ಮೊಬೈಲ್ ಕ್ಯಾಮೆರಾ ಹಿಡಿಯಿರಿ. ಕಪ್ಪು ಪಟ್ಟೆ ಓಡಿದರೆ ಅದು ಡೂಪ್ಲಿಕೇಟ್, ಕಣ್ಣು ಹೋಗುತ್ತದೆ. ಎಲ್ಲರಿಗೂ ಕಳಿಸಿ.” ಇಂಥ ಮೆಸೇಜ್ ನಿಮಗೂ ಬಂದಿರಬಹುದು. ಪಾವಗಡ ಕಡೆಯ ನಮ್ಮ ನೆಂಟರ ಗ್ರೂಪಿನಲ್ಲಿ ಅದಕ್ಕೊಂದು ಬಾಲವೂ ಸೇರಿತ್ತು: “ಸೋಲಾರ್ ಪಾರ್ಕ್ ಬಂದಮೇಲೆ ಕರೆಂಟೇ ಕೆಟ್ಟಿದೆ.”

ಪಟ್ಟೆ ಕಾಣುವುದು ನಿಜ. ಅದಕ್ಕೆ ಕೊಟ್ಟಿರುವ ಅರ್ಥ ತಪ್ಪು.

ಮನೆಗೆ ಬರುವುದು 50 ಹರ್ಟ್ಸ್ ಎಸಿ ಕರೆಂಟ್. ಅದು ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟಿ ಏಳುತ್ತದೆ. ಎಲ್‌ಇಡಿಗೆ ಬೇಕಾದ್ದು ಡಿಸಿ. ಬಲ್ಬಿನೊಳಗಿನ ಸರ್ಕ್ಯೂಟ್ ಎಸಿಯನ್ನು ಡಿಸಿ ಮಾಡುತ್ತದೆ, ಕೆಪಾಸಿಟರ್ ನಡುವಿನ ತಗ್ಗು ತುಂಬುತ್ತದೆ. ಬೋರ್‌ವೆಲ್ ನೀರು ಬಿಟ್ಟು ಬಿಟ್ಟು ಬಂದರೂ ತೊಟ್ಟಿಯಿಂದ ಒಂದೇ ಸಮ ಹರಿಯುತ್ತದಲ್ಲ, ಹಾಗೆ. ತೊಟ್ಟಿ ಚಿಕ್ಕದಾದರೆ ಏರಿಳಿತ ಉಳಿಯುತ್ತದೆ. ಅದೇ ‘ರಿಪಲ್’. ಹಳೇ ಬುರುಡೆ ಬಲ್ಬಿನ ತಂತಿ ಅಷ್ಟು ಬೇಗ ತಣ್ಣಗಾಗದ್ದರಿಂದ ಅದರ ಬೆಳಕು ಇಷ್ಟು ಕುಣಿಯುತ್ತಿರಲಿಲ್ಲ.

ಮೊಬೈಲ್ ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಬೆಳಕು ಇಳಿದ ಕ್ಷಣದಲ್ಲಿ ಓದಿದ ಸಾಲು ಕಪ್ಪಾಗುತ್ತದೆ. ಶಟರ್ ವೇಗ ಬದಲಾದರೆ ಅದೇ ಬಲ್ಬಿನ ಪಟ್ಟೆ ಮಾಯವಾಗಲೂಬಹುದು! ಇನ್ನೊಂದು ತಮಾಷೆ: 12 ವೋಲ್ಟ್ ಬ್ಯಾಟರಿಯ ಕರೆಂಟಿನಲ್ಲಿ ರಿಪಲ್ ಇಲ್ಲವೆಂದೇ ಹೇಳಬಹುದು. ಆದರೂ ಅದರ ಬಲ್ಬಿಗೆ ಡಿಮ್ಮರ್ ಹಾಕಿದರೆ ಪಟ್ಟೆ ಬರಬಹುದು. ಅಂಥ ಬಹುತೇಕ ಡಿಮ್ಮರ್‌ಗಳು ಬೆಳಕು ತಗ್ಗಿಸುವುದೇ ಬಲ್ಬನ್ನು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಆರಿಸಿ ಹೊತ್ತಿಸಿ. 230 ವೋಲ್ಟಿನ ಡಿಮ್ಮರ್ ಎಸಿ ಅಲೆಯನ್ನೇ ಕತ್ತರಿಸುತ್ತದೆ. ‘ಡಿಮ್ಮಬಲ್’ ಎಂದು ಬರೆಯದ ಬಲ್ಬನ್ನು ಅದಕ್ಕೆ ಹಾಕಿದರೆ ಮಿನುಗುತ್ತದೆ, ಬೇಗ ಹಾಳಾಗುತ್ತದೆ.

ಸೋಲಾರ್ ಪಾರ್ಕಿನ ಮಾತು? ತಿರುಮಣಿ ಸುತ್ತಿನ 2,050 ಮೆಗಾವಾಟ್ ಡಿಸಿ ಕರೆಂಟ್ ಇನ್ವರ್ಟರ್‌ಗಳಲ್ಲಿ 50 ಹರ್ಟ್ಸ್ ಎಸಿ ಆಗಿಯೇ ಗ್ರಿಡ್ ಸೇರುತ್ತದೆ. ಮಧುಗಿರಿ, ಕೊರಟಗೆರೆ, ಶಿರಾಕ್ಕೆ ಬರುವುದು ಎಲ್ಲ ಮೂಲಗಳೂ ಬೆರೆತ ಗ್ರಿಡ್ಡಿನ ಕರೆಂಟ್. ಸೂರ್ಯ ಮುಳುಗಿದ ಮೇಲೂ ಪಟ್ಟೆ ಕಾಣುತ್ತದಲ್ಲ?

ಹಾಗಂತ ಮಿನುಗು ಪೂರ್ತಿ ನಿರಪಾಯವಲ್ಲ. ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ತಲೆನೋವು, ಕಣ್ಣಿನ ಆಯಾಸ ತರಬಹುದು. 2015ರ ಐಇಇಇ ಶಿಫಾರಸಿನ ಪ್ರಕಾರ 100 ಹರ್ಟ್ಸ್‌ನಲ್ಲಿ ಏರಿಳಿತ ಶೇ 8ರೊಳಗಿದ್ದರೆ ಅಪಾಯ ಕಡಿಮೆ. ಕಣ್ಣು ಹೋಗುವ ಮಾತು ಅದರಲ್ಲಿಲ್ಲ.

ಫಾರ್ವರ್ಡ್‌ಗಳು ಹೇಳದ ಅಪಾಯ ಬೇರೆ ಇದೆ. ನಿಮಿಷಕ್ಕೆ 1,500 ಸುತ್ತು ತಿರುಗುವ ನಾಲ್ಕು ಕಡ್ಡಿಯ ಚಕ್ರವನ್ನು ಇಂಥ ಬೆಳಕಿನಲ್ಲಿ ನೋಡಿ. ಪ್ರತಿ ಮಿನುಗಿಗೂ ಒಂದು ಕಡ್ಡಿ ಅದೇ ಜಾಗಕ್ಕೆ ಬಂದಿರುವುದರಿಂದ ಚಕ್ರ ನಿಂತಂತೆ ಕಾಣಬಹುದು. ಮೇವು ಕತ್ತರಿಸುವ ಯಂತ್ರ, ಗಿರಣಿ ಇರುವಲ್ಲಿ ಕೈ ಹಾಕುವ ಮುನ್ನ ಸ್ವಿಚ್ ನೋಡಿ, ಚಕ್ರವನ್ನಲ್ಲ.

ಬರಿಗಣ್ಣಿಗೇ ಕಾಣುವಂತೆ ದೀಪ ಮಂಕಾಗಿ ಹೊತ್ತುವುದು ರಿಪಲ್ ಅಲ್ಲ. ಪಕ್ಕದ ಪಂಪ್‌ಸೆಟ್ ಶುರುವಾದಾಗ ಮಾತ್ರ ಹಾಗಾದರೆ ವೋಲ್ಟೇಜ್ ಕುಸಿದಿದೆ. ಕೆಲವು ದೀಪ ಮಂಕಾಗಿ ಕೆಲವು ಹೆಚ್ಚು ಉರಿದರೆ ನ್ಯೂಟ್ರಲ್ ಸಡಿಲವಾಗಿರಬಹುದು. ಟಿವಿ, ಫ್ರಿಜ್ ಸುಟ್ಟುಹೋಗುವುದು ಹೀಗೆಯೇ. ಮೇನ್ ಸ್ವಿಚ್ ಆಫ್ ಮಾಡಿ, ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.