ಸಾಲಗಾರನ ವಿದ್ಯೆಗೆ ಅಡ್ಡಿ ಯಾರು?

ಸರ್ಜಾಪುರ ಭಾಗದ ಕಂಪೆನಿ, ಗೋದಾಮುಗಳಲ್ಲಿ ಓದನ್ನು ಅರ್ಧಕ್ಕೇ ನಿಲ್ಲಿಸಿ ದುಡಿಯುತ್ತಿರುವ ನಮ್ಮ ಯುವಕರಿದ್ದಾರೆ. ಅವರಲ್ಲೊಬ್ಬನು ಕೆಲಸ ಬಿಟ್ಟು ಕಾಲೇಜಿಗೆ ಮರಳುವೆನೆಂದರೆ, ‘ಮೊದಲು ಸಾಲ ತೀರಿಸು’ ಎಂಬ ಉಪದೇಶ ತಕ್ಷಣ ಬರುತ್ತದೆ.

ಉಪದೇಶ ಸುಳ್ಳಲ್ಲ. ಸಾಲ ಉಳಿಸಿ ಮೃತನಾದವನ ಜನಾಝ ನಮಾಝನ್ನು ಪ್ರವಾದಿವರ್ಯರು(ಸ) ತಾವು ನಿರ್ವಹಿಸದೆ ಸಂಗಾತಿಗಳಿಗೆ ಬಿಟ್ಟಿದ್ದರು. ತವಕ್ಕುಲ್‌ನ ಹೆಸರಿನಲ್ಲಿ ರಾಜೀನಾಮೆ ಕೊಟ್ಟು, ಸಾಲ ಕೊಟ್ಟವನನ್ನು ಅಲೆದಾಡಿಸುವುದು ಧರ್ಮನಿಷ್ಠೆಯಲ್ಲ.

ಆದರೆ ಆ ಘಟನೆ ಅಲ್ಲಿಗೇ ಮುಗಿಯಲಿಲ್ಲ. ಅಬೂ ಕತಾದ(ರ) ಆ ಸಾಲದ ಹೊಣೆ ಹೊತ್ತರು. ಬಳಿಕ ಪ್ರವಾದಿವರ್ಯರು(ಸ) ನಮಾಝ್ ನಿರ್ವಹಿಸಿದರು. ನಾವು ಮೊದಲರ್ಧವನ್ನು ಕಂಠಪಾಠ ಮಾಡಿ ಉಳಿದರ್ಧವನ್ನು ಮರೆತಿದ್ದೇವೆ.

ಅಷ್ಟಕ್ಕೂ ಆ ಸಾಲ ಯಾರದು? ಅನೇಕ ಮನೆಗಳಲ್ಲಿ ಅದು ಅಕ್ಕನ ಮದುವೆಯ ಶಾದಿಮಹಲ್, ಒಡವೆ, ಬಿರಿಯಾನಿಗಾಗಿ ಆದದ್ದು. ಆ ಊಟ ಉಂಡವರೇ ಇಂದಿನ ಉಪದೇಶಕರು!

ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂದು ಪವಿತ್ರ ಕುರ್‌ಆನ್ (2:280) ಆದೇಶಿಸುತ್ತದೆ. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಸಿಲುಕಿದವರನ್ನೂ (9:60) ಸೇರಿಸುತ್ತದೆ. ನಮ್ಮ ಮೊಹಲ್ಲಾಗಳ ಝಕಾತ್ ಪಟ್ಟಿಯಲ್ಲಿ ಇಂಥ ಅರ್ಹ ಯುವಕನ ಹೆಸರಿದೆಯೇ?

ಯುವಕನು ತನ್ನ ಸಾಲವನ್ನೆಲ್ಲ ಬರೆದಿಡಲಿ. ಬಡ್ಡಿಯ ಸಾಲದಿಂದ ಮೊದಲು ಮುಕ್ತನಾಗಲಿ. ಅಲ್ಲಿಯವರೆಗೆ ಕೆಲಸದಲ್ಲಿದ್ದುಕೊಂಡೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಓದಲಿ. ಇದು ಅವನ ಪಾಲಿನ ಹೊಣೆ. ಬಡ್ಡಿರಹಿತ ಸಾಲ ನೀಡಿ ಅವನನ್ನು ತರಗತಿಗೆ ಕಳುಹಿಸುವುದು ಜಮಾಅತ್‌ನ ಹೊಣೆ. ಮದುವೆಗೆ ಕೈಸಾಲ ಕೊಡುವ ಸಮುದಾಯವು ವಿದ್ಯೆಗೆ ಮಾತ್ರ ‘ಸಹನೆ ವಹಿಸು’ ಎನ್ನುವುದಾದರೆ, ನಾಳೆ ಅಲ್ಲಾಹನ ಮುಂದೆ ಲೆಕ್ಕ ಒಪ್ಪಿಸಬೇಕಾದವನು ಆ ಯುವಕನೊಬ್ಬನೇ ಅಲ್ಲ.